ಅಡ್ಜೆಕ್ಟಿವೋ ಅಡ್ವರ್ಬೋ? ಗುರುತು ತಪ್ಪುವುದು ಎಲ್ಲಿ, ಸರಿ ಮಾಡುವುದು ಹೇಗೆ

‘ದ ಫ್ರೆಂಡ್ಲಿ ಡಾಗ್ ಜಂಪ್ಡ್ ಹೈ.’ ಈ ವಾಕ್ಯ ಕೊಟ್ಟು ಅಡ್ಜೆಕ್ಟಿವ್ ಯಾವುದು, ಅಡ್ವರ್ಬ್ ಯಾವುದು ಎಂದು ಕೇಳಿದರೆ ಒಂದು ಉತ್ತರ ಮತ್ತೆ ಮತ್ತೆ ಬರುತ್ತದೆ: ‘ಫ್ರೆಂಡ್ಲಿ’ ಅಡ್ವರ್ಬ್, ‘ಹೈ’ ಅಡ್ಜೆಕ್ಟಿವ್. ಎರಡೂ ತಪ್ಪು. ಅದಲು ಬದಲಾಗಿದೆ.

ಆದರೆ ಇದು ಬಾಯಿಗೆ ಬಂದಂತೆ ಹೇಳಿದ ಉತ್ತರ ಅಲ್ಲ. ಕಲಿತ ನಿಯಮವನ್ನು ಶ್ರದ್ಧೆಯಿಂದ ಪಾಲಿಸಿ ಬರೆದ ಉತ್ತರ. ‘ಕೊನೆಯಲ್ಲಿ ಎಲ್‌ವೈ ಇದ್ದರೆ ಅಡ್ವರ್ಬ್, ಇಲ್ಲದಿದ್ದರೆ ಅಡ್ಜೆಕ್ಟಿವ್’ ಎಂಬ ನಿಯಮ. ನಿಯಮವೇ ಅರ್ಧ ಮುರಿದಿರುವಾಗ ಉತ್ತರ ನೆಟ್ಟಗಿರುವುದು ಹೇಗೆ? ಹಾಗಾಗಿ ಹೀಗೆ ಬರೆದ ಮಕ್ಕಳಿಗೆ ಬೈಯಬೇಡಿ. ಅವರ ಕೈಗೆ ನಾವು ಕೊಟ್ಟ ಅಳತೆಗೋಲನ್ನು ಮೊದಲು ಪರೀಕ್ಷೆ ಮಾಡೋಣ.

ನಮ್ಮ ಶಾಲೆಯ ವ್ಯಾಕರಣದಲ್ಲಿ ಅಡ್ಜೆಕ್ಟಿವ್ ಅಂದರೆ ಗುಣವಾಚಕ, ಅಡ್ವರ್ಬ್ ಅಂದರೆ ಕ್ರಿಯಾವಿಶೇಷಣ. ಈ ಹೆಸರುಗಳನ್ನು ಬಾಯಿಪಾಠ ಮಾಡಿಯೂ ವಾಕ್ಯದ ಮುಂದೆ ಕೂತಾಗ ಗೊಂದಲ ಆಗುತ್ತದೆ. ಯಾಕೆಂದರೆ ನಾವು ಪದದ ಮುಖ ನೋಡುತ್ತೇವೆ. ಅದರ ಕೆಲಸ ನೋಡುವುದಿಲ್ಲ.

ಮೊದಲ ಪರೀಕ್ಷೆ: ಬಾಣ ಎಳೆಯಿರಿ

ಬೇರೆ ಯಾವ ಉಪಾಯಕ್ಕೂ ಮೊದಲು ಇದನ್ನು ಮಾಡಿ. ಅನುಮಾನ ಇರುವ ಪದದಿಂದ ಒಂದು ಬಾಣ ಎಳೆಯಿರಿ. ಆ ಪದ ಯಾವುದರ ಬಗ್ಗೆ ಮಾತಾಡುತ್ತಿದೆಯೋ ಅಲ್ಲಿಗೆ ಬಾಣದ ತುದಿ ಹೋಗಬೇಕು. ತುದಿ ನಾಮಪದದ ಮೇಲೋ ಸರ್ವನಾಮದ ಮೇಲೋ ನಿಂತರೆ ಅದು ಅಡ್ಜೆಕ್ಟಿವ್. ಕ್ರಿಯಾಪದದ ಮೇಲೆ, ಇನ್ನೊಂದು ಅಡ್ಜೆಕ್ಟಿವ್ ಮೇಲೆ, ಇನ್ನೊಂದು ಅಡ್ವರ್ಬ್ ಮೇಲೆ ಅಥವಾ ಇಡೀ ವಾಕ್ಯದ ಮೇಲೆ ನಿಂತರೆ ಅದು ಅಡ್ವರ್ಬ್.

‘ಫ್ರೆಂಡ್ಲಿ’ ಯಾರ ಬಗ್ಗೆ? ನಾಯಿಯ ಬಗ್ಗೆ. ಸ್ನೇಹದ ಸ್ವಭಾವ ಇರುವುದು ನಾಯಿಗೆ. ಬಾಣ ‘ಡಾಗ್’ ಕಡೆಗೆ ಹೋಯಿತು, ಅಡ್ಜೆಕ್ಟಿವ್. ‘ಹೈ’ ಯಾವುದರ ಬಗ್ಗೆ? ನಾಯಿ ಎತ್ತರ ಇದೆ ಎಂದು ವಾಕ್ಯ ಹೇಳುತ್ತಿಲ್ಲ. ಜಿಗಿತ ಎತ್ತರಕ್ಕೆ ಹೋಯಿತು. ಬಾಣ ‘ಜಂಪ್ಡ್’ ಕಡೆಗೆ, ಅಡ್ವರ್ಬ್.

ನೂರಕ್ಕೆ ನೂರು ವಾಕ್ಯಗಳಲ್ಲೂ ಕೊನೆಯ ತೀರ್ಪು ಈ ಬಾಣದ್ದೇ. ಮುಂದೆ ಹೇಳುವುದೆಲ್ಲ ಬಾಣ ಎಲ್ಲಿಗೆ ಹೋಗಬೇಕು ಎಂದು ಗೊತ್ತಾಗದೆ ಕೈ ತಡವರಿಸುವ ಜಾಗಗಳ ಬಗ್ಗೆ.

ಎಲ್‌ವೈ ನೋಡಿ ಮೋಸ ಹೋದಾಗ

ಎಲ್‌ವೈ ಯಾಕೆ ಹೀಗೆ ಎರಡು ಮುಖ ಮಾಡುತ್ತದೆ? ಇದಕ್ಕೆ ಹಳೆಯ ಕಾರಣ ಇದೆ, ಅದು ಗೊತ್ತಾದರೆ ಸಿಟ್ಟು ಕಡಿಮೆ ಆಗುತ್ತದೆ. ಸುಮಾರು 1100ರವರೆಗೆ ಬಳಕೆಯಲ್ಲಿದ್ದ ಹಳೆಯ ಇಂಗ್ಲಿಷಿನಲ್ಲಿ ಎರಡು ಬೇರೆ ಬೇರೆ ಪ್ರತ್ಯಯಗಳಿದ್ದವು. ಅಡ್ಜೆಕ್ಟಿವ್ ಮಾಡಲು ‘-ಲೀಚ್’, ಅಡ್ವರ್ಬ್ ಮಾಡಲು ‘-ಲೀಚೆ’. ಇದರ ಮೂಲದಲ್ಲಿದ್ದ ಪದಕ್ಕೆ ಮೈ, ಆಕಾರ ಎಂಬ ಅರ್ಥ. ಇಂದಿನ ‘ಲೈಕ್’ ಕೂಡ ಅದೇ ಬಳ್ಳಿಯದು. ಕಾಲ ಕಳೆದಂತೆ ಪದಗಳ ಕೊನೆಯ ಸ್ವರ ಸವೆದು ಹೋಯಿತು. ಎರಡೂ ಪ್ರತ್ಯಯಗಳು ‘-ಲಿ’ ಎಂದೇ ಉಳಿದವು. ‘ಫ್ರೆಂಡ್ಲಿ’ಯಲ್ಲಿ ಇರುವುದು ಮೊದಲನೆಯ ‘-ಲಿ’. ‘ಸ್ಲೋಲಿ’ಯಲ್ಲಿ ಇರುವುದು ಎರಡನೆಯದು. ಇಬ್ಬರು ಬೇರೆ ಬೇರೆ ಜನ, ಒಂದೇ ಅಂಗಿ ತೊಟ್ಟಿದ್ದಾರೆ.

ಅದೇ ಸವೆತ ಇನ್ನೊಂದು ಕಡೆಯೂ ಆಯಿತು. ಹಳೆಯ ಇಂಗ್ಲಿಷಿನಲ್ಲಿ ಅಡ್ಜೆಕ್ಟಿವಿಗೆ ಬರೀ ‘-ಎ’ ಸೇರಿಸಿಯೂ ಅಡ್ವರ್ಬ್ ಮಾಡುತ್ತಿದ್ದರು. ಆ ‘-ಎ’ ಉದುರಿದ ಮೇಲೆ ಅಡ್ಜೆಕ್ಟಿವ್ ಮತ್ತು ಅಡ್ವರ್ಬ್ ಒಂದೇ ರೂಪಕ್ಕೆ ಬಂದವು. ‘ಫಾಸ್ಟ್’, ‘ಹಾರ್ಡ್’ ಹೀಗೆ ಉಳಿದ ಪದಗಳು. ಅವುಗಳಿಗೆ ಬಾಲ ಇರಲಿಲ್ಲ ಎಂದಲ್ಲ, ಇದ್ದ ಬಾಲ ಬಿದ್ದುಹೋಗಿದೆ.

ಈಗ ರಿಪೇರಿ. ಎಲ್‌ವೈ ಕಂಡಾಗ ಅದನ್ನು ಬೆರಳಲ್ಲಿ ಮುಚ್ಚಿ, ಉಳಿದದ್ದನ್ನು ನೋಡಿ. ಉಳಿದದ್ದು ಅಡ್ಜೆಕ್ಟಿವ್ ಆಗಿದ್ದರೆ (ಕ್ವಿಕ್, ಸಾಫ್ಟ್, ಬ್ರೇವ್) ಪೂರ್ತಿ ಪದ ಹೆಚ್ಚಾಗಿ ಅಡ್ವರ್ಬ್: ಕ್ವಿಕ್ಲಿ, ಸಾಫ್ಟ್ಲಿ, ಬ್ರೇವ್ಲಿ. ಉಳಿದದ್ದು ನಾಮಪದ ಆಗಿದ್ದರೆ (ಫ್ರೆಂಡ್, ಲವ್, ಕಾಸ್ಟ್, ಕೌವರ್ಡ್) ಪೂರ್ತಿ ಪದ ಹೆಚ್ಚಾಗಿ ಅಡ್ಜೆಕ್ಟಿವ್: ಫ್ರೆಂಡ್ಲಿ, ಲವ್ಲಿ, ಕಾಸ್ಟ್ಲಿ, ಕೌವರ್ಡ್ಲಿ. ಏನೂ ಅರ್ಥ ಉಳಿಯದೇ ಹೋದರೆ (ಅಗ್ಲಿ, ಸಿಲ್ಲಿ) ಅದೂ ಅಡ್ಜೆಕ್ಟಿವ್ ಆಗಿರುತ್ತದೆ, ಅಥವಾ ಎರಡೂ ಅಲ್ಲದ ಪದವಾಗಿರುತ್ತದೆ. ಫ್ಯಾಮಿಲಿ, ರಿಪ್ಲೈ, ಅಪ್ಲೈ, ಬಟರ್‌ಫ್ಲೈ ಇವುಗಳ ಸ್ಪೆಲ್ಲಿಂಗ್ ಕೂಡ ಎಲ್‌ವೈಯಲ್ಲೇ ಮುಗಿಯುತ್ತದೆ ಅಲ್ವಾ!

‘ಹೆಚ್ಚಾಗಿ’ ಎಂದು ಎರಡು ಸಲ ಹೇಳಿದ್ದನ್ನು ಗಮನಿಸಿ. ಡೆಡ್ಲಿ, ಲೋನ್ಲಿ, ಲೈವ್ಲಿ, ಸಿಕ್ಲಿ, ಎಲ್ಡರ್ಲಿ ಇವು ಬೆರಳು ಮುಚ್ಚುವ ಪರೀಕ್ಷೆಗೆ ಸರಿಯಾಗಿ ಸಿಗುವುದಿಲ್ಲ. ಇವೆಲ್ಲ ಸಾಮಾನ್ಯವಾಗಿ ಅಡ್ಜೆಕ್ಟಿವ್ ಆಗಿಯೇ ನಡೆಯುತ್ತವೆ. ಡೈಲಿ, ವೀಕ್ಲಿ, ಮಂತ್ಲಿ, ಅರ್ಲಿ ಇವು ಎರಡೂ ಕೆಲಸ ಮಾಡುತ್ತವೆ. ‘ದ ಅರ್ಲಿ ಟ್ರೈನ್’ ಎಂದಾಗ ಟ್ರೈನಿಗೆ ಅಂಟಿದೆ. ‘ದ ಟ್ರೈನ್ ಕೇಮ್ ಅರ್ಲಿ’ ಎಂದಾಗ ಬಂದ ಕೆಲಸಕ್ಕೆ ಅಂಟಿದೆ. ಇಲ್ಲಿ ಡಿಕ್ಷನರಿ ತೆಗೆದರೆ ಎರಡನ್ನೂ ತೋರಿಸುತ್ತದೆ. ಅದು ಏನೇನು ಆಗಬಹುದು ಎಂದಷ್ಟೇ ಹೇಳುತ್ತದೆ. ಈ ವಾಕ್ಯದಲ್ಲಿ ಏನಾಗಿದೆ ಎಂದು ಹೇಳುವುದು ನಿಮ್ಮ ಬಾಣ.

ಎಲ್‌ವೈ ಸೇರಿಸಿದಾಗ ಅರ್ಥವೇ ಕೆಟ್ಟಾಗ

ಗುರುತಿಸುವುದರಲ್ಲಿ ತಪ್ಪಿದರೆ ಒಂದು ಮಾರ್ಕ್ಸ್ ಹೋಗಬಹುದು. ಬರೆಯುವಾಗ ತಪ್ಪಿದರೆ ಹೇಳಬೇಕಾದ ಮಾತೇ ತಿರುಗಿ ಹೋಗುತ್ತದೆ. ‘ಅವನು ಕಷ್ಟಪಟ್ಟು ಕೆಲಸ ಮಾಡುತ್ತಾನೆ’ ಎನ್ನಲು ‘ಹಿ ವರ್ಕ್ಸ್ ಹಾರ್ಡ್’ ಎನ್ನಬೇಕು. ಅಡ್ವರ್ಬ್ ಬೇಕಲ್ಲ ಎಂದು ಎಲ್‌ವೈ ಅಂಟಿಸಿ ‘ಹಿ ಹಾರ್ಡ್ಲಿ ವರ್ಕ್ಸ್’ ಎಂದರೆ ‘ಅವನು ಕೆಲಸ ಮಾಡುವುದೇ ಅಪರೂಪ’ ಎಂದಾಯಿತು. ಹೊಗಳಲು ಹೋಗಿ ದೂರು ಹೇಳಿದಂತೆ. ಯಾರದೋ ಬಗ್ಗೆ ಒಳ್ಳೆಯ ಮಾತು ಬರೆದುಕೊಡುವಾಗ ಹೀಗಾದರೆ ನಷ್ಟ ಅವರಿಗೆ.

ಇದೇ ಗುಂಪಿನವು ಇನ್ನೂ ಕೆಲವು: ‘ಲೇಟ್’ ಎಂದರೆ ತಡವಾಗಿ, ‘ಲೇಟ್ಲಿ’ ಎಂದರೆ ಇತ್ತೀಚೆಗೆ. ‘ನಿಯರ್’ ಎಂದರೆ ಹತ್ತಿರ, ‘ನಿಯರ್ಲಿ’ ಎಂದರೆ ಹೆಚ್ಚು ಕಡಿಮೆ. ‘ಹೈ’ ಎಂದರೆ ಎತ್ತರಕ್ಕೆ, ‘ಹೈಲಿ’ ಎಂದರೆ ಬಹಳ. ‘ಶಾರ್ಟ್ಲಿ’ ಎಂದರೆ ಸ್ವಲ್ಪ ಹೊತ್ತಿನಲ್ಲಿ. ಇವನ್ನು ಜೋಡಿ ಜೋಡಿಯಾಗಿ ವಾಕ್ಯದಲ್ಲಿ ಬರೆದು ಅಭ್ಯಾಸ ಮಾಡಿ. ಸುಮ್ನೆ ಪಟ್ಟಿ ಓದಿದರೆ ನಿಲ್ಲುವುದಿಲ್ಲ.

‘ಶಿ ಲುಕ್ಸ್ ಬ್ಯೂಟಿಫುಲ್ಲಿ’ ಎಂದು ಬರೆದಾಗ

ಕನ್ನಡ ಮಾತಾಡುವ ನಮಗೆ ಜಾಸ್ತಿ ಕಾಡುವ ತಪ್ಪು ಇದು. ಇದರ ಬೇರು ಎಲ್‌ವೈಯಲ್ಲಿ ಇಲ್ಲ, ನಮ್ಮ ‘-ಆಗಿ’ಯಲ್ಲಿದೆ.

ಎರಡು ವಾಕ್ಯ ನೋಡಿ. ‘ಹಕ್ಕಿ ಸುಂದರವಾಗಿ ಹಾಡಿತು.’ ‘ಹಕ್ಕಿ ಸುಂದರವಾಗಿದೆ.’ ಎರಡರಲ್ಲೂ ‘ಸುಂದರವಾಗಿ’ ಕೇಳಿಸುತ್ತದೆ. ಆದರೆ ಇಂಗ್ಲಿಷ್ ಮೊದಲನೆಯದಕ್ಕೆ ‘ಬ್ಯೂಟಿಫುಲ್ಲಿ’ ಕೇಳುತ್ತದೆ, ಎರಡನೆಯದಕ್ಕೆ ‘ಬ್ಯೂಟಿಫುಲ್’ ಕೇಳುತ್ತದೆ. ‘-ಆಗಿ’ ಇದ್ದಲ್ಲೆಲ್ಲ ಎಲ್‌ವೈ ಎಂದು ತಲೆಯಲ್ಲಿ ಕೂತಿದ್ದರೆ ಎರಡನೆಯ ಕಡೆ ಎಡವುತ್ತೇವೆ. ‘ಚೆನ್ನಾಗಿ’ಯದೂ ಇದೇ ಕಥೆ. ‘ಚೆನ್ನಾಗಿ ಹಾಡುತ್ತಾಳೆ’ ಎಂದರೆ ‘ಸಿಂಗ್ಸ್ ವೆಲ್’. ‘ಹಾಡು ಚೆನ್ನಾಗಿದೆ’ ಎಂದರೆ ‘ದ ಸಾಂಗ್ ಈಸ್ ಗುಡ್’.

ಇದರ ಮೇಲೆ ಇನ್ನೊಂದು ಭಾರ ಇದೆ. ‘ಹೇಗೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕರೆ ಅಡ್ವರ್ಬ್’ ಎಂದು ಹೇಳಿಕೊಡುತ್ತಾರೆ. ಕೆಟ್ಟ ಉಪಾಯ ಅಲ್ಲ, ಆದರೆ ಕನ್ನಡದಲ್ಲಿ ಯೋಚಿಸುವವರಿಗೆ ಅದು ಅರ್ಧ ದಾರಿಯಲ್ಲಿ ಕೈಬಿಡುತ್ತದೆ. ‘ಹಕ್ಕಿ ಹೇಗೆ ಹಾಡಿತು?’ ಎಂದೂ ಕೇಳುತ್ತೇವೆ. ‘ಹಕ್ಕಿ ಹೇಗಿದೆ?’ ಎಂದೂ ಕೇಳುತ್ತೇವೆ. ಎರಡನೆಯದು ಹಕ್ಕಿಯ ಗುಣ ಕೇಳುವ ಪ್ರಶ್ನೆ. ಅದಕ್ಕೆ ಬರುವ ಉತ್ತರ ಅಡ್ಜೆಕ್ಟಿವ್. ಹಾಗಾಗಿ ‘ಹೇಗೆ’ ಕೇಳಿ ನಿಲ್ಲಿಸಬೇಡಿ. ‘ಹೇಗೆ ಮಾಡಿತು’ ಎಂದು ಕೇಳುತ್ತಿದ್ದೀರೋ, ‘ಹೇಗಿದೆ’ ಎಂದು ಕೇಳುತ್ತಿದ್ದೀರೋ ನೋಡಿಕೊಳ್ಳಿ.

ಇನ್ನೂ ಅನುಮಾನ ಉಳಿದರೆ ಕನ್ನಡದ ಒಳಗೇ ಒಂದು ಪರೀಕ್ಷೆ ಮಾಡಬಹುದು. ನನಗೆ ಇದು ತುಂಬಾ ಇಷ್ಟ. ‘-ಆಗಿ’ಯನ್ನು ‘-ಆದ’ ಮಾಡಿ ನಾಮಪದದ ಮುಂದೆ ಇಡಿ. ‘ಹಕ್ಕಿ ಸುಂದರವಾಗಿದೆ’ ಎಂಬುದನ್ನು ‘ಸುಂದರವಾದ ಹಕ್ಕಿ’ ಮಾಡಿದರೆ ಅರ್ಥ ಹಾಗೇ ಉಳಿಯಿತು, ಹಾಗಾಗಿ ಅಡ್ಜೆಕ್ಟಿವ್. ‘ಹಕ್ಕಿ ಸುಂದರವಾಗಿ ಹಾಡಿತು’ ಎಂಬುದನ್ನು ‘ಸುಂದರವಾದ ಹಕ್ಕಿ ಹಾಡಿತು’ ಮಾಡಿದರೆ ಅರ್ಥ ಬದಲಾಯಿತು. ಹಾಡಿನ ಚೆಂದ ಹೋಗಿ ರೆಕ್ಕೆಯ ಚೆಂದ ಬಂತು. ಹಾಗಾಗಿ ಅಲ್ಲಿರುವುದು ಅಡ್ವರ್ಬ್.

ಈಗ ‘ಲುಕ್ಸ್’ಗೆ ಬರೋಣ. ‘ಈಸ್’, ‘ವಾಸ್’ ಮುಂದೆ ಅಡ್ಜೆಕ್ಟಿವ್ ಬರುವುದನ್ನು ಎಲ್ಲರೂ ಒಪ್ಪುತ್ತಾರೆ. ಗೊಂದಲ ಶುರುವಾಗುವುದು ಲುಕ್, ಸ್ಮೆಲ್, ಟೇಸ್ಟ್, ಫೀಲ್, ಸೌಂಡ್, ಸೀಮ್, ಬಿಕಮ್, ಗ್ರೋ, ಟರ್ನ್, ಸ್ಟೇ ಇವುಗಳ ಹತ್ತಿರ. ಇವು ನೋಡಲು ಕೆಲಸ ಮಾಡುವ ಕ್ರಿಯಾಪದಗಳಂತೆ ಇರುತ್ತವೆ. ಆದರೆ ಬಹಳ ಸಲ ಇವು ಕರ್ತೃವನ್ನು ಅದರ ಗುಣಕ್ಕೆ ಜೋಡಿಸುವ ಕೊಂಡಿ ಮಾತ್ರ. ಇಂಗ್ಲಿಷ್ ವ್ಯಾಕರಣದಲ್ಲಿ ಇವನ್ನು ಲಿಂಕಿಂಗ್ ವರ್ಬ್ ಎನ್ನುತ್ತಾರೆ. ಕೊಂಡಿಯ ಆಚೆ ಇರುವ ಪದದ ಬಾಣ ಕೊಂಡಿಯನ್ನು ದಾಟಿ ಹಿಂದಕ್ಕೆ, ಕರ್ತೃವಿಗೆ ಹೋಗುತ್ತದೆ.

ಪರೀಕ್ಷೆ ಸುಲಭ. ಆ ಕ್ರಿಯಾಪದ ತೆಗೆದು ‘ಈಸ್’ ಅಥವಾ ‘ವಾಸ್’ ಹಾಕಿ. ‘ದ ಫ್ಲವರ್ ಸ್ಮೆಲ್ಸ್ ಸ್ವೀಟ್’ ಎಂಬುದು ‘ದ ಫ್ಲವರ್ ಈಸ್ ಸ್ವೀಟ್’ ಆಯಿತು. ವಾಕ್ಯ ನಿಂತಿತು, ಅರ್ಥವೂ ಹತ್ತಿರದಲ್ಲೇ ಇದೆ. ಹಾಗಾದರೆ ‘ಸ್ವೀಟ್’ ಅಡ್ಜೆಕ್ಟಿವ್. ‘ಶಿ ಲುಕ್ಡ್ ಆ್ಯಂಗ್ರಿಲಿ ಅಟ್ ದ ಡೋರ್’ ಎಂಬಲ್ಲಿ ‘ವಾಸ್’ ಹಾಕಿದರೆ ‘ಶಿ ವಾಸ್ ಆ್ಯಂಗ್ರಿಲಿ ಅಟ್ ದ ಡೋರ್’ ಎಂದು ವಾಕ್ಯ ಕುಂಟುತ್ತದೆ. ಅಲ್ಲಿ ‘ಲುಕ್ಡ್’ ನಿಜವಾದ ಕೆಲಸ, ‘ಆ್ಯಂಗ್ರಿಲಿ’ ಅಡ್ವರ್ಬ್.

ಈ ಜಾಗದಲ್ಲಿ ಕನ್ನಡವೇ ನಮ್ಮ ಕೈ ಹಿಡಿಯುತ್ತದೆ. ಇಂಗ್ಲಿಷ್ ಒಂದೇ ಪದದಲ್ಲಿ ಅಡಗಿಸಿದ ಎರಡು ಅರ್ಥಗಳಿಗೆ ಕನ್ನಡದಲ್ಲಿ ಎರಡು ಪದಗಳಿವೆ. ‘ಲುಕ್’ ಎಂದರೆ ‘ನೋಡು’ ಎಂದಾದರೆ ಅದು ಕೆಲಸ, ಪಕ್ಕದಲ್ಲಿ ಅಡ್ವರ್ಬ್ ಬರುತ್ತದೆ. ‘ಕಾಣು’ ಎಂದಾದರೆ ಅದು ಕೊಂಡಿ, ಪಕ್ಕದಲ್ಲಿ ಅಡ್ಜೆಕ್ಟಿವ್ ಬರುತ್ತದೆ. ‘ಸ್ಮೆಲ್’ ಎಂದರೆ ‘ಮೂಸು’ ಆದರೆ ಕೆಲಸ, ‘ವಾಸನೆ ಬರು’ ಆದರೆ ಕೊಂಡಿ. ‘ಫೀಲ್’ ಎಂದರೆ ‘ಮುಟ್ಟಿ ನೋಡು’ ಆದರೆ ಕೆಲಸ, ‘ಅನ್ನಿಸು’ ಆದರೆ ಕೊಂಡಿ. ‘ಟರ್ನ್’ ಎಂದರೆ ‘ತಿರುಗು’ ಆದರೆ ಕೆಲಸ, ‘ಆಗು’ ಆದರೆ ಕೊಂಡಿ. ‘ದ ಲೀಫ್ ಟರ್ನ್ಡ್ ಯೆಲ್ಲೋ’ ಎಂದರೆ ಎಲೆ ಹಳದಿ ಆಯಿತು. ‘ದ ವೀಲ್ ಟರ್ನ್ಡ್ ಸ್ಲೋಲಿ’ ಎಂದರೆ ಚಕ್ರ ನಿಧಾನವಾಗಿ ತಿರುಗಿತು. ಮನಸ್ಸಿನಲ್ಲಿ ಒಮ್ಮೆ ಕನ್ನಡಕ್ಕೆ ತಂದರೆ ಸಾಕು, ಯಾವುದು ಯಾವುದು ಎಂದು ತಾನಾಗಿ ಬೇರೆಯಾಗುತ್ತದೆ. ಇಂಗ್ಲಿಷ್ ಕಲಿಯುವಾಗ ಕನ್ನಡ ಮರೆತುಬಿಡಿ ಎನ್ನುವ ಸಲಹೆಯನ್ನು ನಾನು ಒಪ್ಪದಿರುವುದಕ್ಕೆ ಇದೂ ಒಂದು ಕಾರಣ.

‘ವೆಲ್’ ಬಗ್ಗೆ ಒಂದು ಎಚ್ಚರಿಕೆ. ‘ಶಿ ಸಿಂಗ್ಸ್ ವೆಲ್’ ಎಂಬಲ್ಲಿ ಅದು ಅಡ್ವರ್ಬ್. ‘ಶಿ ಈಸ್ ವೆಲ್’ ಎಂದರೆ ‘ಆರೋಗ್ಯವಾಗಿದ್ದಾಳೆ’, ಅಲ್ಲಿ ಅಡ್ಜೆಕ್ಟಿವ್. ‘ಬೆಟರ್’ ಇನ್ನೂ ಜಾರುತ್ತದೆ. ಅದು ‘ಗುಡ್’ಗೂ ಮುಂದಿನ ಮೆಟ್ಟಿಲು, ‘ವೆಲ್’ಗೂ ಮುಂದಿನ ಮೆಟ್ಟಿಲು. ‘ಎ ಬೆಟರ್ ಸಾಂಗ್’ ಎಂದಾಗ ಅಡ್ಜೆಕ್ಟಿವ್, ‘ಸಿಂಗ್ಸ್ ಬೆಟರ್’ ಎಂದಾಗ ಅಡ್ವರ್ಬ್. ರೂಪ ನೋಡಿ ಹೇಳಲು ಸಾಧ್ಯವೇ ಇಲ್ಲ.

ನಾಮಪದದ ಮುಂದೆ ಎರಡು ಪದ ಸಾಲಾಗಿ ನಿಂತಾಗ

‘ಎ ಲಾಂಗ್ ಡಾರ್ಕ್ ರೋಡ್’, ‘ಎ ವೆರಿ ಡಾರ್ಕ್ ರೋಡ್’. ನಾಮಪದಕ್ಕೆ ಮೊದಲು ಬಂದದ್ದೆಲ್ಲ ಅಡ್ಜೆಕ್ಟಿವ್ ಎಂದು ‘ವೆರಿ’ಗೂ ಅದೇ ಹೆಸರು ಬರೆಯುವವರಿದ್ದಾರೆ. ಒಂದೊಂದನ್ನೇ ಬಿಡಿಸಿ ನಾಮಪದದ ಪಕ್ಕ ಇಟ್ಟು ನೋಡಿ. ‘ಲಾಂಗ್ ರೋಡ್’ ನಿಲ್ಲುತ್ತದೆ, ‘ಡಾರ್ಕ್ ರೋಡ್’ ನಿಲ್ಲುತ್ತದೆ. ‘ವೆರಿ ರೋಡ್’ ನಿಲ್ಲುವುದಿಲ್ಲ. ಅದರ ಬಾಣ ‘ಡಾರ್ಕ್’ ಹತ್ತಿರವೇ ನಿಂತಿದೆ. ಎಷ್ಟು ಕತ್ತಲು ಎಂದು ಹೇಳುತ್ತಿದೆ, ಹಾಗಾಗಿ ಅಡ್ವರ್ಬ್. ‘ಎ ರಿಯಲ್ ಓಲ್ಡ್ ಕಾಯಿನ್’ ಎಂದರೆ ನಕಲಿ ಅಲ್ಲದ ಹಳೆಯ ನಾಣ್ಯ. ‘ಎ ರಿಯಲಿ ಓಲ್ಡ್ ಕಾಯಿನ್’ ಎಂದರೆ ತುಂಬಾ ಹಳೆಯ ನಾಣ್ಯ. ಬರಹದಲ್ಲಿ ಈ ಎರಡನ್ನು ಬೇರೆ ಇಟ್ಟುಕೊಳ್ಳುವುದು ಒಳ್ಳೆಯದು.

ನಾಮಪದವೇ ನಾಮಪದದ ಮುಂದೆ ನಿಲ್ಲುವುದೂ ಉಂಟು. ‘ಬಸ್ ಸ್ಟಾಪ್’ನಲ್ಲಿ ‘ಬಸ್’ ನಾಮಪದವೇ. ‘ವೆರಿ ಬಸ್’ ಎಂದು ಯಾರೂ ಹೇಳುವುದಿಲ್ಲ. ಆದರೆ ‘ವೆರಿ’ ಹೊಂದದ ನಿಜವಾದ ಅಡ್ಜೆಕ್ಟಿವ್‌ಗಳೂ ಇವೆ (‘ಮೇನ್’ ಒಂದು), ಹಾಗಾಗಿ ಇದೊಂದನ್ನೇ ನಂಬಬೇಡಿ.

ವಾಕ್ಯದ ಕೊನೆಯಲ್ಲಿ ಒಂಟಿಯಾಗಿ ನಿಂತ ಪದ

‘ಶಿ ಫೌಂಡ್ ದ ಬುಕ್ ಈಸಿಲಿ.’ ‘ಶಿ ಫೌಂಡ್ ದ ಬುಕ್ ಈಸಿ.’ ಎರಡೂ ಸರಿಯಾದ ಇಂಗ್ಲಿಷ್. ಮೊದಲನೆಯದರಲ್ಲಿ ಹುಡುಕುವ ಕೆಲಸ ಸುಲಭವಾಗಿ ಮುಗಿಯಿತು. ಎರಡನೆಯದರಲ್ಲಿ ಪುಸ್ತಕವೇ ಅವಳಿಗೆ ಸುಲಭ ಅನ್ನಿಸಿತು. ಕೊನೆಯ ಪದ ಎಂದ ಮಾತ್ರಕ್ಕೆ ಅಡ್ವರ್ಬ್ ಎಂದು ಬರೆದುಬಿಟ್ಟರೆ ಇಲ್ಲಿ ಸಿಕ್ಕಿಬೀಳುತ್ತೀರಿ. ಕರ್ಮಪದ ಮತ್ತು ಕೊನೆಯ ಪದದ ನಡುವೆ ‘ಈಸ್’ ಅಥವಾ ‘ವಾಸ್’ ಇಟ್ಟು ನೋಡಿ. ‘ದ ಬುಕ್ ವಾಸ್ ಈಸಿ’, ‘ದ ಡೋರ್ ಈಸ್ ರೆಡ್’, ‘ಹಿ ವಾಸ್ ಹ್ಯಾಪಿ’ ಹೀಗೆ ನಿಂತರೆ ಅಡ್ಜೆಕ್ಟಿವ್. ‘ಶಿ ಪೇಂಟೆಡ್ ದ ಡೋರ್ ರೆಡ್’, ‘ಶಿ ಮೇಡ್ ಹಿಮ್ ಹ್ಯಾಪಿ’ ಇವು ಈ ಗುಂಪಿನವು.

‘ಹೋಮ್’, ‘ಟುಡೇ’, ‘ಯೆಸ್ಟರ್ಡೇ’ ಇವು ನಾಮಪದದ ಮುಖ ಹೊತ್ತು ಅಡ್ವರ್ಬ್ ಕೆಲಸ ಮಾಡುತ್ತವೆ. ‘ಐ ವೆಂಟ್ ಹೋಮ್’ ಎಂಬಲ್ಲಿ ‘ಹೋಮ್’ ಎಲ್ಲಿಗೆ ಎಂದು ಹೇಳುತ್ತದೆ. ನಾವು ‘ಮನೆಗೆ’ ಎನ್ನುವುದರಿಂದ ‘-ಗೆ’ಗೆ ಸಮನಾಗಿ ‘ಟು’ ಸೇರಿಸಿ ‘ವೆಂಟ್ ಟು ಹೋಮ್’ ಎನ್ನುತ್ತೇವೆ. ಅದನ್ನು ಬಿಟ್ಟರೆ ಸರಿ. ಆ ‘-ಗೆ’ ಅಡ್ವರ್ಬಿನ ಒಳಗೇ ಇದೆ ಎಂದು ತಿಳಿಯಿರಿ.

‘-ಇಂಗ್’ ಪದಗಳಿಗೆ ಹೆಚ್ಚು ಹೊತ್ತು ಬೇಡ. ‘ದ ಸ್ಟೋರಿ ಈಸ್ ಬೋರಿಂಗ್’ ಎಂಬಲ್ಲಿ ‘ವೆರಿ’ ಹಾಕಬಹುದು, ಅಡ್ಜೆಕ್ಟಿವ್. ‘ದ ಬಾಯ್ ಈಸ್ ರೀಡಿಂಗ್’ ಎಂಬಲ್ಲಿ ಹಾಕಲಾಗದು, ಅದು ಕ್ರಿಯಾಪದದ ಭಾಗ.

ಎಲ್ಲ ತೊಡಕು ಒಂದೇ ವಾಕ್ಯದಲ್ಲಿ

ಈಗ ಒಂದು ವಾಕ್ಯ ತೆಗೆದುಕೊಂಡು ಪೂರ್ತಿ ಬಿಚ್ಚೋಣ. ಪಕ್ಕದಲ್ಲಿ ಪೆನ್ಸಿಲ್ ಇದ್ದರೆ ಮೊದಲು ನೀವೇ ಬಾಣ ಎಳೆದು ಆಮೇಲೆ ಮುಂದೆ ಓದಿ.

‘ಸರ್ಪ್ರೈಸಿಂಗ್ಲಿ, ದ ವೆರಿ ಲೋನ್ಲಿ ಓಲ್ಡ್ ಮ್ಯಾನ್ ಲುಕ್ಡ್ ವೆಲ್ ಅಂಡ್ ವಾಕ್ಡ್ ಹೋಮ್ ಅರ್ಲಿ.’

ಇದರಲ್ಲಿ ಎಲ್‌ವೈಯಲ್ಲಿ ಮುಗಿಯುವ ಮೂರು ಪದಗಳಿವೆ, ಮೂರರ ನಡತೆಯೂ ಬೇರೆ. ‘ಸರ್ಪ್ರೈಸಿಂಗ್ಲಿ’ ಯಾವ ಒಂದು ಪದಕ್ಕೂ ಅಂಟಿಲ್ಲ. ‘ಆಶ್ಚರ್ಯ ಏನೆಂದರೆ’ ಎಂದು ಇಡೀ ವಾಕ್ಯದ ಬಗ್ಗೆ ಹೇಳುತ್ತದೆ, ಅಡ್ವರ್ಬ್. ‘ಲೋನ್ಲಿ’ಯ ಬಾಣ ಮುದುಕನ ಕಡೆಗೆ, ಅಡ್ಜೆಕ್ಟಿವ್. ‘ವೆರಿ’ ಎಷ್ಟು ಒಂಟಿ ಎಂದು ಹೇಳುತ್ತದೆ, ‘ಲೋನ್ಲಿ’ಗೆ ಅಂಟಿದ ಅಡ್ವರ್ಬ್. ‘ಓಲ್ಡ್’ ಅಡ್ಜೆಕ್ಟಿವ್, ಅದರಲ್ಲಿ ತೊಡಕಿಲ್ಲ.

‘ಲುಕ್ಡ್ ವೆಲ್’ ಹತ್ತಿರ ನಿಲ್ಲಿ. ಕನ್ನಡಕ್ಕೆ ತನ್ನಿ. ಮುದುಕ ಚೆನ್ನಾಗಿ ನೋಡಿದನೋ, ಆರೋಗ್ಯವಾಗಿ ಕಂಡನೋ? ಕಂಡ. ಹಾಗಾದರೆ ‘ಲುಕ್ಡ್’ ಕೊಂಡಿ. ‘ಹಿ ವಾಸ್ ವೆಲ್’ ಎಂದರೂ ವಾಕ್ಯ ನಿಲ್ಲುತ್ತದೆ. ‘ವೆಲ್’ನ ಬಾಣ ಕೊಂಡಿ ದಾಟಿ ಹಿಂದಕ್ಕೆ ಮುದುಕನ ಹತ್ತಿರ ಹೋಗುತ್ತದೆ. ಎಲ್ಲರೂ ಕಣ್ಣು ಮುಚ್ಚಿ ಅಡ್ವರ್ಬ್ ಎನ್ನುವ ‘ವೆಲ್’ ಇಲ್ಲಿ ಅಡ್ಜೆಕ್ಟಿವ್.

ಉಳಿದದ್ದು ‘ಹೋಮ್’ ಮತ್ತು ‘ಅರ್ಲಿ’. ನಡೆದದ್ದು ಎಲ್ಲಿಗೆ, ನಡೆದದ್ದು ಯಾವಾಗ. ಎರಡು ಬಾಣಗಳೂ ‘ವಾಕ್ಡ್’ ಮೇಲೆ ಬಂದು ಕೂರುತ್ತವೆ. ಎರಡೂ ಅಡ್ವರ್ಬ್.

ಇದೇ ವಾಕ್ಯದಲ್ಲಿ ‘ಲುಕ್ಡ್ ವೆಲ್’ ತೆಗೆದು ‘ಸ್ಲೆಪ್ಟ್ ವೆಲ್’ ಹಾಕಿ, ‘ವೆಲ್’ನ ಬಾಣವನ್ನು ಮತ್ತೊಮ್ಮೆ ಎಳೆದು ನೋಡಿ.